ಸಮುದ್ರದ ಟೆಂಪರೇಚರ್ ಏರಿಳಿತ ನೋಡಿ, ಮೇಲ್ಮೈ ದಾಟಿ ಎಷ್ಟು ಶಾಖ ಹೋಯ್ತು ಅಂತ ಹೇಗೆ ಲೆಕ್ಕ ಹಾಕ್ತಾರೆ?

ಟೆಂಪರೇಚರ್ ಎಷ್ಟು ಬದಲಾಯ್ತು ಅನ್ನೋದನ್ನ, ಎಷ್ಟು ಆಳದ ನೀರು ಬದಲಾಯ್ತು ಅನ್ನೋದರ ಜೊತೆ ಗುಣಿಸ್ತಾರೆ, ಬರೀ ಟೆಂಪರೇಚರ್ ಇದ್ರೆ ಸಾಲಲ್ಲ. ಗಾಳಿ, ಅಲೆ ಸೇರ್ಕೊಂಡು ಮೇಲಿನ ನೀರನ್ನ ಕಲಕ್ತಾನೇ ಇರುತ್ತೆ, ಹಂಗಾಗಿ ಅಷ್ಟೂ ಪದರ ಹೆಚ್ಚುಕಮ್ಮಿ ಒಂದೇ ಬಿಸಿ ಇರುತ್ತೆ, ಇದಕ್ಕೆ ಮಿಕ್ಸ್ಡ್ ಲೇಯರ್ ಅಂತಾರೆ. ಒಂದು ಚೊಂಬು ನೀರನ್ನ ಒಂದು ಡಿಗ್ರಿ ಏರಿಸೋಕೂ ಹಂಡೆ ನೀರನ್ನ ಏರಿಸೋಕೂ ಬೇಕಾಗೋ ಸೌದೆ ಬೇರೆ ತಾನೇ, ಅದೇ ಲೆಕ್ಕ. 50 ಮೀಟರ್ ದಪ್ಪದ ಪದರ ಒಂದು ತಿಂಗಳಲ್ಲಿ 1 ಡಿಗ್ರಿ ತಣ್ಣಗಾದ್ರೆ ಪ್ರತಿ ಚದರ ಮೀಟರ್‌ನಿಂದ ಸರಾಸರಿ 80 ವ್ಯಾಟ್ ಆಸುಪಾಸು ಹೋಗಿದೆ ಅಂತ ಅರ್ಥ, 20 ಮೀಟರ್ ಆದ್ರೆ ಬರೀ 32.

ಎಡವೋದು ಎಲ್ಲಿ ಅಂದ್ರೆ, ನೀರು ತಣ್ಣಗಾಯ್ತು ಅಂದ ತಕ್ಷಣ ಶಾಖ ಗಾಳಿಗೇ ಹೋಯ್ತು ಅಂದ್ಕೊಳ್ಳೋದು. ಮುಂಗಾರಲ್ಲಿ ಸೊಮಾಲಿಯಾ ಕರಾವಳಿ ನೋಡಿ, ಅಲ್ಲಿ ಗಾಳಿ ಮೇಲಿನ ನೀರನ್ನ ದೂರ ತಳ್ಳುತ್ತೆ, ಅದರ ಕೆಳಗಿನ ತಣ್ಣೀರು ಮೇಲೆ ಬರುತ್ತೆ, ಆಗ ಸಮುದ್ರ ತಣ್ಣಗಾಗ್ತಾ ಇದ್ರೂ ಮೇಲಿಂದ ಶಾಖ ಒಳಗೇ ಇಳೀತಿರುತ್ತೆ! ಅದಕ್ಕೇ ಲಂಗರು ಹಾಕಿ ನಿಲ್ಲಿಸಿರೋ ತೇಲುಬುರುಡೆಗಳಲ್ಲಿ ಬಿಸಿಲು, ಗಾಳಿ ವೇಗ, ತೇವಾಂಶ ಬೇರೆಯಾಗಿ ಅಳೆದು ತಾಳೆ ನೋಡ್ತಾರೆ.