ಮಟ್‌ನೊಳಗೆ ಈಮ್ಯಾಕ್ಸ್: ಕಂಟ್ರೋಲ್-ಜಿ ಒತ್ತಿದರೆ ಯಾಕೆ ಕೆಡುತ್ತದೆ

ನಮಸ್ಕಾರ. ನೀವು ದುರ್ಗದವರಂತೆ, ನಾನು ಪಕ್ಕದ ದಾವಣಗೆರೆ. ಟರ್ಮಿನಲ್‌ನಲ್ಲಿ ಓಡುವ ಇಮೇಲ್ ಪ್ರೋಗ್ರಾಂ ಮಟ್‌ನಿಂದ, ಸಣ್ಣ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್; ಅದನ್ನು ಓಡಿಸುವ ಪ್ರೋಗ್ರಾಂ ಶೆಲ್) ಮೂಲಕ ಈಮ್ಯಾಕ್ಸ್ ಎಂಬ ಎಡಿಟರ್ ತೆರೆದು ಕಂಟ್ರೋಲ್-ಜಿ ಒತ್ತಿದರೆ, ಆಮೇಲೆ ಒತ್ತುವ ಅಕ್ಷರಗಳಲ್ಲಿ ಅರ್ಧ ಎಡಿಟರ್‌ಗೆ, ಅರ್ಧ ಮಟ್‌ಗೆ ಹೋಗುತ್ತದೆ ಅಂದಿರಿ, ಅಲ್ವಾ?

ಸುಮ್ನೆ ಮಟ್ ಅನ್ನು ಬೈಯಬೇಡಿ. ತಪ್ಪು ನಡುವಿನ ಶೆಲ್‌ನದು. ಟರ್ಮಿನಲ್‌ನಲ್ಲಿ ಈಮ್ಯಾಕ್ಸ್ ಕಂಟ್ರೋಲ್-ಜಿಯನ್ನೇ ಇಂಟರಪ್ಟ್ ಕೀ, ಅಂದರೆ ಓಡುತ್ತಿರುವುದನ್ನು ತಡೆಯುವ ಕೀ, ಮಾಡಿಕೊಳ್ಳುತ್ತದೆ. ಒತ್ತಿದಾಗ ‘ನಿಲ್ಲಿಸು’ ಅನ್ನುವ ಸಿಗ್‌ಇಂಟ್ ಸಿಗ್ನಲ್ ಎಡಿಟರ್‌ಗೆ ಮಾತ್ರ ಅಲ್ಲ, ಆ ಟರ್ಮಿನಲ್‌ನಲ್ಲಿ ಮುಂದಿರುವ ಇಡೀ ಪ್ರೋಸೆಸ್ ಗುಂಪಿಗೇ, ಅಂದರೆ ಮಟ್, ಶೆಲ್, ಈಮ್ಯಾಕ್ಸ್ ಮೂರಕ್ಕೂ ಹೋಗುತ್ತದೆ. ಈಮ್ಯಾಕ್ಸ್‌ಗೆ ಅದರ ಅರ್ಥ ‘ಈ ಕೆಲಸ ಬಿಡು’ ಅಷ್ಟೇ. ಎಡಿಟರ್‌ಗಾಗಿ ಕಾಯುವ ಮಟ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಪಾಪ, ಶೆಲ್ ಸಾಯುತ್ತದೆ. ಎಡಿಟರ್ ಮುಗಿಯಿತು ಅಂದುಕೊಂಡು ಮಟ್ ಎದ್ದು ಬರುತ್ತದೆ. ಆಮೇಲೆ ಒಂದೇ ಕೀಬೋರ್ಡಿಗೆ ಇಬ್ಬರ ಕಿತ್ತಾಟ. ಎಲ್ಲ ಶೆಲ್ ಹೀಗಲ್ಲ. ಬ್ಯಾಶ್ ಎಂಬ ಶೆಲ್ ಆದರೆ ಎಡಿಟರ್ ಮುಗಿಯುವವರೆಗೆ ಕಾದು, ಅದು ಹೇಗೆ ಮುಗಿಯಿತು ಅಂತ ನೋಡಿ ಮುಂದುವರಿಯುತ್ತದೆ.

ಸ್ಕ್ರಿಪ್ಟ್‌ನ ಕೊನೆ ಸಾಲಿನಲ್ಲಿ ಈಮ್ಯಾಕ್ಸ್‌ಗೆ ಮೊದಲು ‘ಎಕ್ಸೆಕ್’ ಸೇರಿಸಿ. ಶೆಲ್ ತಾನೇ ಈಮ್ಯಾಕ್ಸ್ ಆಗಿಬಿಡುತ್ತದೆ, ನಡುವೆ ಸಾಯಲು ಯಾರೂ ಇರುವುದಿಲ್ಲ. ಎಡಿಟರ್ ಮುಚ್ಚಿದ ಮೇಲೂ ಸ್ಕ್ರಿಪ್ಟ್‌ಗೆ ಕೆಲಸ ಇದ್ದರೆ ಇದು ಆಗದು. ಆಗ ಮೇಲೊಂದು ಸಾಲು: ‘ಟ್ರ್ಯಾಪ್’, ಕೋಟ್ ಒಳಗೆ ಒಂದು ಕೋಲನ್, ಆಮೇಲೆ ‘ಇಂಟ್’. ಆಗ ಸಿಗ್ನಲ್ ಬಂದರೂ ಶೆಲ್ ಸಾಯುವುದಿಲ್ಲ. ಕೋಟ್ ಖಾಲಿ ಬಿಡಬೇಡಿ, ಬಿಟ್ಟರೆ ಶೆಲ್ ಆ ಸಿಗ್ನಲ್‌ಗೆ ಕಿವುಡಾಗುತ್ತದೆ, ಆ ಕಿವುಡು ಒಳಗೆ ಓಡುವ ಪ್ರೋಗ್ರಾಂಗೂ ಅಂಟುತ್ತದೆ. ನನ್ನ ಒಂದು ಇಡೀ ಭಾನುವಾರ ಅದರಲ್ಲೇ ಹೋಗಿತ್ತು.