108 ಬರೋವರೆಗೂ ಸುಮ್ಮನಿರೋದು ವಾಸಿ ಅಲ್ಲ

ಯಾರಾದರೂ ಎದುರಿಗೇ ಕುಸಿದು ಬಿದ್ದರೆ ಎದೆ ಒತ್ತಬಹುದಾ, ತಪ್ಪಾಗಿ ಒತ್ತಿ ಪ್ರಾಣ ಹೋದರೆ ಕೇಸಾಗುತ್ತಾ, 108 ಬರೋವರೆಗೂ ಸುಮ್ಮನಿರೋದೇ ವಾಸಿನಾ ಅಂತ ಕೇಳಿದ್ದೀರಿ. ಹಾಗೆ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ ನಂದು. ಬೆಳಗ್ಗೆ ಹರಾಜು ನಡೀತಿರುವಾಗ ಬಾಕ್ಸ್ ಇಳಿಸ್ತಿದ್ದ ಹಮಾಲಿ ಅಣ್ಣ ಒಬ್ಬರು ಲಾರಿ ಪಕ್ಕದಲ್ಲೇ ಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಬೀಗದ ಕೈ ಗೊಂಚಲು ಹಿಡಿಸಿದರು, ಯಾರೋ ಸೋಡಾ ತಂದರು. ನಾನು 108ಕ್ಕೆ ಫೋನ್ ಮಾಡಿ 'ಪ್ರಜ್ಞೆ ಇಲ್ಲ, ಉಸಿರಾಡ್ತಿದ್ದಾರೆ' ಅಂದೆ.

ಕೆಟ್ಟಿದ್ದು ಅಲ್ಲೇ. ಬಾಯಿ ತೆರೆದುಕೊಂಡು ಗೊರ್ ಅಂತ ಒಂದು ಸದ್ದು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಮತ್ತೆ ಗದ್ದ ಎಳೆದ ಹಾಗಾಗಿ ಇನ್ನೊಂದು ಗೊರ್. ಅದನ್ನ ಉಸಿರು ಅಂದುಕೊಂಡೆವು. ಅದು ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಮಿದುಳಿನ ಬುಡ ಕೆಲವು ನಿಮಿಷ ಹಾಗೆ ಎಳೆಸುತ್ತೆ ಅಂತ ನನಗೆ ತಿಳಿದದ್ದು ಆಮೇಲೆ ತರಬೇತಿಗೆ ಹೋದಾಗ. ಎದೆ ಒತ್ತೋಕೆ ಶುರು ಮಾಡಬೇಕಾದ ಹೊತ್ತೇ ಅದು. ಆ ಸದ್ದು ಕೇಳಿ ನಾವೆಲ್ಲ ಸಮಾಧಾನ ಪಟ್ಟುಕೊಂಡು ನಿಂತಿದ್ದೆವು. ಆಂಬುಲೆನ್ಸ್ ಬರೋಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಹೃದಯ ನಿಂತವರಿಗೆ ನೀವು ಒತ್ತಿ ಇನ್ನೇನು ಕೆಡಿಸ್ತೀರಿ? ಪಕ್ಕೆಲುಬು ಮುರಿಯಬಹುದು, ಮುರಿದರೆ ಕೂಡುತ್ತೆ. ಸುಮ್ಮನೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತೆ. ಭುಜ ತಟ್ಟಿ ಕೂಗಿ. ಎಚ್ಚರ ಇಲ್ಲ, ಉಸಿರೂ ಮಾಮೂಲಿನ ಹಾಗಿಲ್ಲ ಅಂದರೆ 108ಕ್ಕೆ ಮಾಡಿ ಫೋನ್ ಸ್ಪೀಕರ್‌ಗೆ ಹಾಕಿ, ಎದೆ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಚದೆ ಮೈಭಾರ ಬಿಟ್ಟು ಒತ್ತಿ. 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ. ಬಾಯಿಗೆ ಬಾಯಿ ಇಟ್ಟು ಊದೋದು ಗೊತ್ತಿಲ್ಲದಿದ್ದರೆ ಬಿಡಿ, ಒತ್ತಿದರೆ ಸಾಕು. ಎರಡು ನಿಮಿಷಕ್ಕೆ ತೋಳು ಸೋಲುತ್ತೆ, ಸುತ್ತ ನಿಂತವರಲ್ಲಿ ಒಬ್ಬರನ್ನ ಎಳೆದು ಕೂರಿಸಿ.

ಕೇಸಿನ ಭಯ ಬಿಡಿ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಂ ರಕ್ಷಣೆ ಕೊಡುತ್ತೆ. ಒಪ್ಪಿಗೆ ಹೇಳೋ ಸ್ಥಿತಿಯಲ್ಲಿ ಇಲ್ಲದವರಿಗೆ ಒಳ್ಳೇದಾಗಲಿ ಅಂತ ಸದ್ಭಾವನೆಯಿಂದ ಮಾಡಿದ್ದು ಅಪರಾಧ ಅಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮೇ ಹೇಳುತ್ತೆ.

ನನ್ನ ಪ್ರಕಾರ ಜನ ಹಿಂಜರಿಯೋದು ಕಾನೂನಿಗಿಂತ ಹೆಚ್ಚಾಗಿ, ಬಿದ್ದಿರೋದು ಹೆಂಗಸಾದಾಗ. ಒತ್ತೋ ಜಾಗ, ಒತ್ತೋ ರೀತಿ ಅವರಿಗೂ ಅದೇ. ಯಾರಾದರೂ ಹೆಣ್ಣುಮಕ್ಕಳು ಮುಂದೆ ಬರಲಿ ಅಂತ ಕಾಯಬೇಡಿ, ಕೂತು ಶುರು ಮಾಡಿ.