ಲಸಿಕೆ ಹಾಕಿಸಲು ಹೋಗಲಾಗದ ತಾಯಿ

ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವರು ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಚೊಚ್ಚಲ ಹೆರಿಗೆಯಾಗಿ ಐದು ತಿಂಗಳು ಕಳೆದಿತ್ತು. ಮಗುವಿಗೆ ಲಸಿಕೆ ಹಾಕಿಸಲೆಂದು ಎರಡು ಸಲ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಹಿಂತಿರುಗಿದ್ದರು. ಕೈಗವಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಎದೆ ಡವಗುಟ್ಟುತ್ತಿತ್ತು. ಮಗು ಮಲಗಿದ ಮೇಲೂ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮನೆಯವರು ಇದನ್ನು ಬಾಣಂತಿಯ ದಣಿವೆಂದೇ ತಿಳಿದಿದ್ದರು.

ಮೊದಲ ಭೇಟಿಯಲ್ಲಿ ಅವರು ಹೆರಿಗೆಯ ಬಗ್ಗೆ ಆಡಿದ್ದು ಒಂದೇ ಮಾತು: "ನಾನೇ ಹಟ ಮಾಡಿದೆನೇನೋ, ಅದಕ್ಕೇ ಅವರಿಗೆ ಸಿಟ್ಟು ಬಂತೇನೋ." ಆಘಾತಗೊಂಡವರಿಂದ ಎಲ್ಲವನ್ನೂ ಒಮ್ಮೆಲೇ ಹೇಳಿಸಹೊರಟರೆ ಗಾಯ ಇನ್ನಷ್ಟು ಕೆದರಬಹುದಾದ್ದರಿಂದ ನಾನು ವಿವರ ಕೇಳಲಿಲ್ಲ. ಮೂರನೆಯ ಭೇಟಿಯಲ್ಲಿ ಅವರಾಗಿಯೇ ಹೇಳಿದರು. ಹೆರಿಗೆಗೆ ಜೊತೆಗೆ ಬಂದಿದ್ದ ಅಕ್ಕನನ್ನು ಆಸ್ಪತ್ರೆಯವರು ಹೊರಗೆ ಕಳಿಸಿದ್ದರು. ಪರದೆಯಿಲ್ಲದ ಮಂಚದ ಮೇಲೆ, ತಾವು ಯಾರೆಂದೂ ಹೇಳದ ಹಲವರು ಒಬ್ಬರಾದ ಮೇಲೊಬ್ಬರು ಒಳಪರೀಕ್ಷೆ ಮಾಡಿದ್ದರು. ನೋವು ತಾಳಲಾರದೆ ಕೂಗಿದಾಗ ದಾದಿಯೊಬ್ಬರು ತೊಡೆಗೆ ಹೊಡೆದು, "ಗಂಡನ ಜೊತೆ ಮಲಗುವಾಗ ಈ ಕೂಗು ಎಲ್ಲಿ ಹೋಗಿತ್ತು?" ಎಂದಿದ್ದರು. ಇನ್ನೊಬ್ಬರು ಮೊಣಕೈಯಿಂದ ಹೊಟ್ಟೆಯನ್ನು ಒತ್ತಿದ್ದರು. ಒಂದು ಮಾತೂ ಹೇಳದೆ, ಮಗು ಹೊರಬರುವ ದಾರಿ ಅಗಲವಾಗಲೆಂದು ಯೋನಿದ್ವಾರಕ್ಕೆ ಕತ್ತರಿ ಹಾಕಿ, ಮರಗಟ್ಟಿಸುವ ಚುಚ್ಚುಮದ್ದು ಕೊಡದೆ ಹೊಲಿಗೆ ಹಾಕಿದ್ದರು. ಇಷ್ಟೆಲ್ಲದರ ನಡುವೆ ಅವರನ್ನು ಹೆಚ್ಚು ಸುಟ್ಟದ್ದು ದಾದಿಯ ಆ ಮಾತು. ಅಂದಿನಿಂದ ಗಂಡ ಹತ್ತಿರ ಬಂದರೂ ಅದೇ ಕಿವಿಯಲ್ಲಿ ಕೇಳುತ್ತಿತ್ತು.

"ಎಲ್ಲ ಹೆಂಗಸರಿಗೂ ಹೀಗೇ ಅಲ್ಲವೇ?" ಎಂದು ಕೇಳಿದರು. ಸಲಹೆಗಾರರು ತೀರ್ಪು ಕೊಡಬಾರದೆಂದು ನಮಗೆ ಕಲಿಸಿರುತ್ತಾರೆ. ಆದರೆ ಈ ಪ್ರಶ್ನೆಗೆ ಸುಮ್ಮನಿದ್ದರೆ ನಾನೂ ಆ ಕೋಣೆಯಲ್ಲಿ ನಿಂತು ನೋಡಿದವರ ಸಾಲಿಗೆ ಸೇರುತ್ತಿದ್ದೆ. ಹಲವರಿಗೆ ಹೀಗಾಗುತ್ತದೆ, ಹಾಗೆಂದು ಇದು ಚಿಕಿತ್ಸೆಯ ಭಾಗವಲ್ಲ ಎಂದೆ. ಹೆರಿಗೆಯ ವೇಳೆಯ ಅಗೌರವ ಮತ್ತು ದೌರ್ಜನ್ಯವು ಮಹಿಳೆಯ ಹಕ್ಕುಗಳ ಉಲ್ಲಂಘನೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಅದರ 2018ರ ಮಾರ್ಗಸೂಚಿಯು ಹೊಟ್ಟೆ ಒತ್ತಿ ಹೆರಿಗೆ ಮಾಡಿಸುವುದನ್ನೂ ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕುವುದನ್ನೂ ಶಿಫಾರಸು ಮಾಡುವುದಿಲ್ಲ. ಬೇನೆ ಬಲಿತ ಮೊದಲ ಹಂತದಲ್ಲಿ ಒಳಪರೀಕ್ಷೆಗಳ ನಡುವೆ ಸಾಮಾನ್ಯವಾಗಿ 4 ಗಂಟೆಗಳ ಅಂತರವಿರಬೇಕೆನ್ನುತ್ತದೆ, ತಾಯಿ ಬಯಸಿದವರು ಜೊತೆಗಿರಬೇಕೆನ್ನುತ್ತದೆ. ಇದನ್ನು ಕೇಳಿ ಅವರು ಮೊದಲ ಬಾರಿಗೆ ಅತ್ತರು.

ಪತಿ ಒಳ್ಳೆಯವರು, ಆದರೆ ಪತ್ನಿ ಬಾಯಿ ತೆರೆದಾಗಲೆಲ್ಲ "ಮಗು ಚೆನ್ನಾಗಿದೆಯಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಆ ಮಾತು ಪತ್ನಿಯ ಬಾಯಿಗೆ ಬೀಗ ಹಾಕುತ್ತಿತ್ತು. ಮಗುವಿನ ಬಗೆಗಿನ ಸಂತೋಷವೂ ತನಗಾದ ಅನ್ಯಾಯದ ಸಿಟ್ಟೂ ಒಂದೇ ಮನಸ್ಸಿನಲ್ಲಿ ಇರಬಲ್ಲವು, ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂದು ಇಬ್ಬರಿಗೂ ಹೇಳಿದೆ. ಪರಿಹಾರ ಹುಡುಕದೆ ಕೇಳಿಸಿಕೊಳ್ಳಿ, ಅವರಾಗಿ ಬಯಸುವವರೆಗೆ ದೈಹಿಕ ಸಂಬಂಧಕ್ಕೆ ಒತ್ತಾಯಿಸಬೇಡಿ ಎಂದು ಪತಿಗೆ ತಿಳಿಸಿದೆ.

ಲಸಿಕೆ ತಡವಾಗಬಾರದಾದ್ದರಿಂದ, ಸದ್ಯಕ್ಕೆ ಪತಿಯೋ ಅಕ್ಕನೋ ಮಗುವನ್ನು ಬೇರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಿ ಎಂದೆ. ಲಕ್ಷಣಗಳು ಒಂದು ತಿಂಗಳನ್ನು ಮೀರಿ ಮುಂದುವರಿದಿದ್ದರಿಂದ ಮಾನಸಿಕ ಆಘಾತಕ್ಕೊಳಗಾದವರ ಚಿಕಿತ್ಸೆಯಲ್ಲಿ ಪರಿಣತರಾದ ಮನೋತಜ್ಞರ ಬಳಿಗೆ ಕಳಿಸಿದೆ. ದೂರು ಕೊಡುವುದು, ಬಿಡುವುದು ಪೂರ್ತಿಯಾಗಿ ಅವರಿಗೇ ಸೇರಿದ್ದು. ಅವರ ಒಪ್ಪಿಗೆ ಕೇಳದೆ ನಡೆದ ಕೆಲಸಗಳ ಸಾಲಿಗೆ ನನ್ನ ಒತ್ತಾಯವೊಂದು ಸೇರುವುದು ನನಗೆ ಬೇಕಿರಲಿಲ್ಲ. ನೆನಪು ಮಾಸುವ ಮೊದಲು ನಡೆದದ್ದನ್ನು ದಿನ, ವೇಳೆ ಸಹಿತ ಬರೆದಿಡಿ, ಹೆರಿಗೆಯ ದಾಖಲೆಗಳ ಪ್ರತಿ ಕೇಳಿ ಪಡೆಯಿರಿ ಎಂದಷ್ಟೇ ಸೂಚಿಸಿದೆ.

ಪ್ರತಿ ಸಿಕ್ಕಿತು. ಒಳಪರೀಕ್ಷೆ ಎಷ್ಟು ಸಲವಾಯಿತೆಂಬುದಾಗಲಿ, ಕತ್ತರಿ ಹಾಕಿದ್ದಾಗಲಿ ಅದರಲ್ಲಿರಲಿಲ್ಲ. "ಸಹಜ ಹೆರಿಗೆ, ತಾಯಿ ಮಗು ಕ್ಷೇಮ" ಎಂದಿತ್ತು. ಅವರು ಅದರ ಹಿಂದೆ ತಮ್ಮ ಕೈಬರಹದ ನಾಲ್ಕು ಪುಟಗಳನ್ನು ಸೇರಿಸಿ, ಒಂದೇ ಕಡತವಾಗಿ ಹೊಲಿದು ತಂದು ತೋರಿಸಿದರು.